ಮುದ್ದಾಂ ಸಾಹೇಬರು

ಅವರು ಚೀಲ ಹೆಗಲಿಗೆ ಹಾಕಿಕೊಂಡು ಬೀದರಿನ ಜಿಲ್ಲಾ ಕಚೇರಿಯ ಮೆಟ್ಟಿಲು ಇಳಿದರೆಂದರೆ ಯಾರದೋ ಕೆಲಸ ಹೋಯಿತು ಎಂದೇ ಅರ್ಥ. ಭಾಲ್ಕಿಯ ಕಚೇರಿಯಲ್ಲಿ ಕುಳಿತ ನಮಗೆ ಅರ್ಧ ಗಂಟೆಯೊಳಗೆ ಫೋನು ಬರುತ್ತಿತ್ತು. "ಮುದ್ದಾಂ ಹೊಂಟಾರ ನೋಡ್ರಿ. ಯಾವ ಬಸ್ ಹತ್ತ್ಯಾರೋ ಗೊತ್ತಿಲ್ಲ." ಆಮೇಲೆ ಭಾಲ್ಕಿಯವರು ಔರಾದಿನವರಿಗೆ, ಔರಾದಿನವರು ಭಾಲ್ಕಿಯವರಿಗೆ ಫೋನು ಮಾಡಿ, ನಿಮ್ಮಲ್ಲಿಗೆ ಬಂದರೇನು ಎಂದು ವಿಚಾರಿಸುತ್ತಿದ್ದೆವು. ಔರಾದಿಗೆ ಹೋದರು ಎಂದು ತಿಳಿದರೆ ನಮಗೆ ಸಮಾಧಾನ. ಹೀಗೆ ಸಮಾಧಾನವಾಯಿತಲ್ಲ ಎಂದು ಒಂದಿಷ್ಟು ನಾಚಿಕೆ. ನಾಚಿಕೆ ಊಟದ ಹೊತ್ತಿಗೆ ಹೋಗಿಬಿಡುತ್ತಿತ್ತು.

ಸರಕಾರಿ ಕಚೇರಿಗಳಲ್ಲಿ ಅಂಚೆಗೆ ಹಾಕದೆ ಕೈಯಾರೆ ಒಯ್ದು ಕೊಡುವ ಕಾಗದಕ್ಕೆ ಮುದ್ದಾಂ ಎನ್ನುತ್ತಾರೆ. ಅವರು ನಮ್ಮ ಇಲಾಖೆಯ ಸಿಬ್ಬಂದಿ ಶಾಖೆಯ ಹಿರಿಯ ಗುಮಾಸ್ತರು. ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ನಮ್ಮಂಥವರನ್ನು ಕೆಲಸದಿಂದ ಬಿಡುಗಡೆ ಮಾಡುವ ಆದೇಶವನ್ನು ಟೈಪು ಮಾಡುವವರು ಅವರೇ, ಸಾಹೇಬರ ಸಹಿ ಹಾಕಿಸುವವರು ಅವರೇ, ಬಸ್ಸು ಹತ್ತಿ ತಂದು ಕೈಗೆ ಕೊಡುವವರೂ ಅವರೇ. ಕೊನೆಯದು ಅವರ ಕೆಲಸವಾಗಿರಲಿಲ್ಲ. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾವು ಎದುರಿಗೆ ಸರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ಮುದ್ದಾಂ ಸಾಹೇಬರು ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದ್ದೆ, ಅಂಚೆಗೆ ಯಾಕೆ ಹಾಕುವುದಿಲ್ಲ ಎಂದು.

"ಟಪಾಲದಾಗ ಹಾಕಿದ್ರ ಬೈಲಾಕ ಯಾರ್ ಸಿಗ್ತಾರ ಬೇಟಾ? ಟಪಾಲಿನವಂಗ ಬೈತೀರೇನು? ಕೆಲಸ ಹೋದ ಮನುಷ್ಯಗ ಎದುರಿಗಿ ಒಂದು ಮುಖ ಬೇಕು."

ಇನ್ನೊಂದು ಕಾರಣವನ್ನು ಅವರು ಹೇಳಲಿಲ್ಲ, ನನಗೇ ಆಮೇಲೆ ತಿಳಿಯಿತು. ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಕೋಣೆಯವರು. ಕಚೇರಿಯಲ್ಲಿರುವ ವಿಳಾಸ ಒಂದು, ಇರುವ ಜಾಗ ಇನ್ನೊಂದು. ಅಂಚೆಗೆ ಹಾಕಿದ ಕಾಗದ ಬೀಗ ಹಾಕಿದ ಬಾಗಿಲು ನೋಡಿ ತಿರುಗಿ ಬರುತ್ತದೆ. ಕಚೇರಿ ಮಾತ್ರ ತಲುಪಿದೆ ಎಂದು ಬರೆದುಕೊಳ್ಳುತ್ತದೆ. ತಕರಾರು ಹೇಳಲು ಇರುವ ದಿನಗಳು ಅಲ್ಲಿಂದಲೇ ಓಡಲು ಶುರುವಾಗುತ್ತವೆ. ಕೈಗೆ ಕೊಟ್ಟರೆ ಹಾಗಾಗುವುದಿಲ್ಲ.

ಬಡಕಲು ಮನುಷ್ಯ. ಒಗೆದು ಒಗೆದು ಹಳದಿಯಾದ ಅರೆತೋಳಿನ ಬಿಳಿ ಅಂಗಿ, ಒಂದು ಜೇಬಿನಲ್ಲಿ ಕನ್ನಡಕ, ಇನ್ನೊಂದರಲ್ಲಿ ಸುಪಾರಿ ಡಬ್ಬಿ. ಬೆವರು ಕುಡಿಯಲಿ ಎಂದು ಕಾಲರಿನ ಹಿಂದೆ ಮಡಚಿ ಇಟ್ಟ ಕರ್ಚೀಫು. ಸಕ್ಕರೆ ಕಾಯಿಲೆಯಿಂದ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಚೀಲದಲ್ಲಿ ನೀರಿನ ಬಾಟಲಿ ತಪ್ಪುತ್ತಿರಲಿಲ್ಲ. ಯಾವ ಕಚೇರಿಗೆ ಆದೇಶ ತಂದಿರುತ್ತಾರೋ ಅಲ್ಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ, ಚಹವನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಮ್ಯಾನೇಜರು ಒಮ್ಮೆ ಬಹಳ ಒತ್ತಾಯ ಮಾಡಿದಾಗ, "ಇವತ್ತ ನಕೋ ಸರ್. ಖಾಲಿ ಕೈಲೆ ಬಂದಾಗ ಎರಡು ಕುಡೀತೇನಿ" ಎಂದರು. ಖಾಲಿ ಕೈಯಲ್ಲಿ ಬಂದಾಗ ನಿಜವಾಗಿಯೂ ಎರಡು ಕುಡಿಯುತ್ತಿದ್ದರು, ಕಾಯಿಲೆಯ ಹಂಗಿಲ್ಲದೆ ಸಕ್ಕರೆ ಹಾಕಿಸಿಕೊಂಡು.

ಬೀದರಿನ ಹಳೆ ಪೇಟೆಯ ಮನೆತನ, ಈಗ ಊರಂಚಿನ ಮೈಲೂರಿನಲ್ಲಿ ಸಣ್ಣ ಮನೆ. ಮನೆಯಲ್ಲಿ ದಖನಿ, ಕಚೇರಿಯಲ್ಲಿ ಕನ್ನಡ. ಆದರೆ ಅವರ ಕನ್ನಡ ಅಕ್ಷರವನ್ನು ನೋಡಬೇಕಿತ್ತು. ಕಂಪ್ಯೂಟರು ಬಂದು ಇಷ್ಟು ವರ್ಷವಾದರೂ ಮಹತ್ವದ ಟಿಪ್ಪಣಿಗಳನ್ನು ಸಾಹೇಬರುಗಳು ಅವರ ಕೈಯಿಂದಲೇ ಬರೆಸುತ್ತಿದ್ದರು. ನಾವು ಹೊಗಳಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಹೊಗಳಿಕೆ ಬೇಡವೆನ್ನುವ ಗುಮಾಸ್ತರನ್ನು ನಾನು ಅದೇ ಮೊದಲ ಸಲ ಕಂಡದ್ದು.

ನಮ್ಮಂಥವರ ಬದುಕಿನಲ್ಲಿ ಒಂದು ದಿನದ ಬ್ರೇಕ್ ಎಂಬುದಿದೆ. ಹನ್ನೊಂದು ತಿಂಗಳ ಆದೇಶ ಕೊಡುತ್ತಾರೆ. ಅದು ಮುಗಿದ ಮರುದಿನ ನಾವು ಯಾರೂ ಅಲ್ಲ. ಅದರ ಮರುದಿನ ಹೊಸ ಆದೇಶ. ಹೀಗೆ ನಡುವೆ ಒಂದು ದಿನ ತುಂಡು ಮಾಡಿದರೆ, ಇಷ್ಟು ವರ್ಷ ಸತತವಾಗಿ ದುಡಿದಿದ್ದೇನೆ ಎಂದು ಯಾರೂ ಹಕ್ಕು ಕೇಳುವಂತಿಲ್ಲ. ಆದರೆ ಕಚೇರಿಯ ಕೆಲಸ ಒಂದು ದಿನ ನಿಲ್ಲುತ್ತದೆಯೇ? ಹಾಗಾಗಿ ಬ್ರೇಕಿನ ದಿನವೂ ನಾವು ಬರುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಸಹಿ ಮಾತ್ರ ಹಾಕುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಂದಿನಂತೆ ದುಡಿದು, ಕಚೇರಿಗೆ ಬರದವರಾಗಿ ಮನೆಗೆ ಹೋಗುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ಅದೇ ರೂಢಿ. ಆ ದಿನ ನಮ್ಮಲ್ಲಿ ಯಾರಾದರೂ ಮಿರ್ಚಿ ಭಜಿ ತರುತ್ತಿದ್ದರು. ಇವತ್ತು ನಾವು ಬೀಗರು ಎಂದು ನಗುತ್ತಿದ್ದೆವು. ನಗದೆ ಇನ್ನೇನು ಮಾಡುವುದು.

ಅಂಥದೊಂದು ದಿನ ಅವರು ಖಾಲಿ ಕೈಯಲ್ಲಿ ಭಾಲ್ಕಿಗೆ ಬಂದರು. ಎರಡು ಚಹ ಮುಗಿಸಿ ನನ್ನ ಮೇಜಿನ ಹತ್ತಿರ ನಿಂತರು.

"ಹಾಜರಿ ಪುಸ್ತಕದಾಗ ಇವತ್ತ ನಿನ್ ಸಹಿ ಇಲ್ಲ, ಹೌದಲ್ಲ?"

"ಇಲ್ರಿ ಸರ್. ಬ್ರೇಕ್ ಅದಲ್ರಿ."

"ಹಂಗಾದ್ರ ಆವಕ ಪುಸ್ತಕ ತಗೊ. ಇವತ್ತ ಬಂದ ಟಪಾಲೆಲ್ಲ ಅದ್ರಾಗ ನೀನೇ ಬರಿ. ತಾರೀಖು ಹಾಕಿ ನಿನ್ ಅಕ್ಷರದಾಗ ಬರಿ. ಪ್ರತಿ ಬ್ರೇಕಿಗೂ ಹಿಂಗೇ ಬರಿ."

ಕಚೇರಿಗೆ ಬಂದ ಪತ್ರಗಳನ್ನು ದಾಖಲಿಸುವ ಆವಕ ಪುಸ್ತಕ ನನ್ನ ಕೆಲಸವೇ ಅಲ್ಲ. ನನಗೆ ಸಿಟ್ಟು ಬಂತು. "ಅದು ಟಪಾಲು ಶಾಖಿ ಕೆಲಸ ಅದರಿ. ನಾ ಯಾಕ ಬರೀಬೇಕ್ರಿ?" ಎಂದೆ.

"ಬರಿ ಅಂದ್ರ ಬರಿ ಬೇಟಾ. ತಲಿ ತಿನಬ್ಯಾಡ."

ಟಪಾಲು ಶಾಖೆಯವನಿಗೇನು, ಒಂದು ದಿನದ ಕೆಲಸ ತಪ್ಪಿತೆಂದು ಖುಷಿಯಿಂದ ಪುಸ್ತಕ ಕೊಟ್ಟ. ನಾನು ಗೊಣಗುತ್ತಲೇ ಬರೆದೆ. ಮುಂದಿನ ಬ್ರೇಕಿಗೂ ಬರೆದೆ, ಅದರ ಮುಂದಿನದಕ್ಕೂ. ಹಿರಿಯರು ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ. ಅದರಿಂದ ಏನು ಉಪಯೋಗ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಔರಾದಿನ ಕಚೇರಿಯಲ್ಲಿ ಒಮ್ಮೆ ಕೆಲಸ ಹಿಂದೆ ಬಿದ್ದು ನನ್ನನ್ನು ಮೂರು ದಿನ ಅಲ್ಲಿಗೆ ಕಳಿಸಿದರು. ಬೀದರಿನಲ್ಲಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಅವರು, ತೊಡೆಯ ಮೇಲೆ ಚೀಲ. ನನ್ನನ್ನು ನೋಡಿ ಸರಿದು ಜಾಗ ಕೊಟ್ಟರು. ಯಾರದು ಎಂದು ಕೇಳಿದೆ. "ಹೇಳಬಾರ್ದು" ಎಂದರು. ಔರಾದು ಬರುವವರೆಗೂ ಬಾಯಿಯಲ್ಲಿ ಸುಪಾರಿ ಮಾತ್ರ ಈ ದವಡೆಯಿಂದ ಆ ದವಡೆಗೆ ಹೋಗುತ್ತಿತ್ತು.

ಔರಾದಿನ ಬಸ್ ಸ್ಟ್ಯಾಂಡಿನ ಹೊರಗೆ ಬಾಳೆಹಣ್ಣಿನ ಗಾಡಿ ಇಟ್ಟುಕೊಂಡ ಒಬ್ಬ ಮುದುಕ ಇವರನ್ನು ನೋಡಿದ್ದೇ, ನಾಲ್ಕು ಜನ ತಿರುಗಿ ನೋಡುವಂತೆ ಕೂಗಿದ. "ಏನ್ ಮುನ್ಶಿ, ಇವತ್ತ ಯಾರ್ ಹೊಟ್ಟಿ ಮ್ಯಾಲ ಹೊಡೀಲಾಕ ಬಂದಿ?"

ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ ತಲೆ ತಗ್ಗಿಸಿ ಗಾಡಿಯ ಮುಂದೆ ನಿಂತು ಅರ್ಧ ಡಜನ್ ಹಣ್ಣು ಕೊಂಡರು. ಸಕ್ಕರೆ ಕಾಯಿಲೆಯವರಿಗೆ ಬಾಳೆಹಣ್ಣು ಯಾಕೆ? ನಾಲ್ಕು ಹೆಜ್ಜೆ ಬಂದ ಮೇಲೆ ಹಣ್ಣಿನ ಚೀಲ ನನ್ನ ಕೈಗೆ ಕೊಟ್ಟರು.

"ಅಂವಗ ಯಾಕ್ ಅಷ್ಟ್ ಮಾತಾಡ್ಲಾಕ ಬಿಡ್ತೀರಿ ಸರ್?"

"ಅಂವ ನಾನು ಕೂಡೇ ಇಲ್ಲಿ ದಿನಗೂಲಿ ಇದ್ದೆವು. ಒಟ್ಟ ಒಂಬತ್ತು ಮಂದಿ. ಒಂದಿನ ಸಾಹೇಬ್ರು ಕರದು, ಹೊಸ ಆದೇಶ ಬರೂದದ, ಅದಕ್ಕ ಮೊದಲ ಹಳೇ ಕೆಲಸ ಬಿಡಬೇಕು, ಸ್ವಂತ ಇಚ್ಛಾದಿಂದ ಬಿಡ್ತೇನಿ ಅಂತ ಬರದು ಕೊಡ್ರಿ, ಸೋಮವಾರ ಹೊಸದು ಕೊಡ್ತೇನಿ ಅಂದ್ರು. ದಿನಾ ನಮ್ ಕೂಡ ಕುಂತು ರೊಟ್ಟಿ ತಿನ್ನೋ ಸಾಹೇಬ್ರು. ಇಲ್ಲ ಅನ್ಲಾಕ ಬಾಯಿ ಬರ್ತದೇನು? ನನ್ ಅಕ್ಷರ ಛಲೋ ಅಂತ ಒಂಬತ್ತೂ ಅರ್ಜಿ ನನ್ ಕೈಲೇ ಬರಸಿದ್ರು. ಉಳಿದ ಮಂದಿ ಓದ್ಲಿಲ್ಲ. ನಾ ಬರ್ದೀನಿ ಅಂತ ಸಹಿ ಮಾಡಿದ್ರು."

"ಸೋಮವಾರ ಏನಾಯ್ತ್ರಿ?"

"ಸೋಮವಾರ ಆದೇಶ ಬಂತು. ಒಬ್ಬಂಗ ಬಂತು. ಅಕ್ಷರ ಛಲೋ ಇದ್ದವಂಗ."

ಆ ದಿನ ಔರಾದಿನ ಕಚೇರಿಯಲ್ಲಿ ಅವರು ಆದೇಶ ಕೊಡುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಕೆಲಸ ಹೋದವನಿಗೆ ಮೊದಲು ಕೂಡ್ರಿ ಎಂದರು. ಕಾಗದ ಕೊಟ್ಟು, ಪೂರಾ ಓದ್ರಿ ಎಂದರು. ಅವನು ನೋಡದೆಯೇ ಸಹಿ ಮಾಡಲು ಹೋದಾಗ ಪೆನ್ನಿನ ಮೇಲೆ ಕೈ ಅಡ್ಡ ಇಟ್ಟರು. ಅವನು ಓದಿ ಮುಗಿಸುವವರೆಗೆ ಗೋಡೆ ನೋಡುತ್ತ ಕುಳಿತರು. ಸಹಿ ಆದ ಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಕನ್ನಡಕ ಜೇಬಿಗೆ ಹೋಯಿತೆಂದರೆ ಅವರ ಕಚೇರಿ ಮುಗಿಯಿತು. ಅಲ್ಲಿಂದ ಮುಂದೆ ಕುರ್ಚಿ ಹತ್ತಿರ ಎಳೆದುಕೊಂಡು, ತಗ್ಗಿದ ದನಿಯಲ್ಲಿ, ಏನೇನು ನಕಲು ತೆಗೆದಿಟ್ಟುಕೊಳ್ಳಬೇಕು, ಯಾರಿಗೆ ಮನವಿ ಬರೆಯಬೇಕು, ಎಷ್ಟು ದಿನದೊಳಗೆ ಬರೆಯಬೇಕು ಎಂದು ಹೇಳಿಕೊಟ್ಟರು. ತಾವೇ ತಂದ ಕಾಗದದ ವಿರುದ್ಧ. ಅವನು ಕೇಳಿಸಿಕೊಂಡನೋ ಇಲ್ಲವೋ. ಹೆಚ್ಚಿನವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ.

ನನ್ನ ಸರದಿ ಬಂದಾಗ ನಾನೂ ಇರಲಿಲ್ಲ.

ಆ ದಿನ ಯಾರ ಫೋನೂ ಬಂದಿರಲಿಲ್ಲ. ಕಿಟಕಿಯಿಂದ ನೋಡಿದರೆ ಕಾಲೆಳೆಯುತ್ತ ಅಂಗಳ ದಾಟುತ್ತಿದ್ದರು. ಭಾಲ್ಕಿ ಕಚೇರಿಯಲ್ಲಿ ನಾವು ಗುತ್ತಿಗೆಯವರು ನಾಲ್ವರು. ನಾಲ್ವರೂ ಟೈಪು ಮಾಡುವುದನ್ನು ನಿಲ್ಲಿಸಿದೆವು. ಅವರು ಒಳಗೆ ಬಂದು ಮೂವರನ್ನು ದಾಟಿ ನನ್ನ ಮುಂದೆ ನಿಂತರು.

ಎಂಟು ವರ್ಷ ನಾನು ಬೀದರಿನ ಚಿದ್ರಿಯ ಮನೆಯಿಂದ ಭಾಲ್ಕಿಗೆ ದಿನಾ ಬಸ್ಸು ಹತ್ತಿದ್ದೆ. ನನ್ನ ಯಜಮಾನರು ಅಲ್ಲೇ ಆಟೊ ಓಡಿಸುತ್ತಾರೆ, ಮಗಳು ಪಿಯುಸಿ. ಅದೆಲ್ಲ ಒಮ್ಮೆಲೇ ಬಾಯಿಗೆ ಬಂತು. ನಾನು ಬಾಯಿ ಸಡಿಲಿನ ಹೆಂಗಸು, ಅವತ್ತು ಇನ್ನೂ ಸಡಿಲಾಯಿತು. "ನಿಮ್ ಕೈಲೆ ಟೈಪ್ ಮಾಡೀರಲ್ರಿ ನನ್ ಹೆಸರು? ಮಾಡೂವಾಗ ಬೆರಳ ನಡಗ್ಲಿಲ್ಲೇನ್ರಿ? ಬೇಟಾ ಬೇಟಾ ಅಂತ ಚಾ ಕುಡ್ದು ಹೋಗ್ತೀರಿ, ಹಿಂಗ ಮಾಡ್ಲಾಕೇನ್ರಿ?" ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುವಂಥದು. ಅವರು ನಿಂತೇ ಕೇಳಿಸಿಕೊಂಡರು. ನನ್ನ ಉಸಿರು ಮುಗಿದ ಮೇಲೆ, "ಆಯ್ತೇನು? ಇನ್ನೂ ಇದ್ರ ಅಂದುಬಿಡು" ಎಂದರು.

"ಆಯ್ತು."

"ಕೂಡು. ಓದು."

ಓದಿದೆ. ಕೆಲಸ ಕಡಿಮೆ ಇರುವುದರಿಂದ, ಸೇವೆ ಸತತವಲ್ಲದ್ದರಿಂದ, ಹೀಗೇ ಏನೋ. ಸಹಿ ಮಾಡಲು ಹೋದೆ. "ಸಹಿ ಮ್ಯಾಲ ಬರಿ: ಓದಿದ್ದೇನೆ, ಒಪ್ಪಿಲ್ಲ. ತಾರೀಖು ಹಾಕು, ಹೊತ್ತು ಹಾಕು." ಹಾಕಿದೆ. ಕನ್ನಡಕ ಜೇಬಿಗೆ ಹೋಯಿತು.

"ಸೇವಾ ಸತತ ಇಲ್ಲ ಅಂತ ಬರ್ದಾರ. ಬ್ರೇಕಿನ ದಿನ ನೀ ಎಲ್ಲಿದ್ದಿ ಅಂತ ಆವಕ ಪುಸ್ತಕ ಹೇಳ್ತದ. ನಾಳೇ ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿ ಆ ಪುಟಗಳ ನಕಲು ಕೇಳು. ಮತ್ತ ಜ್ಯೇಷ್ಠತಾ ಪಟ್ಟಿ ಕೇಳು. ಆಮ್ಯಾಲ ಬಂದವ್ರು ಮೊದಲ ಹೋಗ್ಬೇಕು, ಅದು ಕಾಯ್ದಾ. ನಿನ್ ಹಿಂದ ಬಂದವ್ರು ಇನ್ನೂ ಒಳಗ ಅದಾರ."

ಯಾರು ಯಾವಾಗ ಬಂದರು ಎಂಬ ಆ ಪಟ್ಟಿಯ ಬಗ್ಗೆ ಎಂಟು ವರ್ಷದಲ್ಲಿ ನಾನು ಒಮ್ಮೆಯೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಲಸ ಹೋಗುವ ಹೊತ್ತಿನಲ್ಲಿ ಅದೇ ಎಲ್ಲ ಎಂದು ಆ ದಿನ ತಿಳಿಯಿತು. ಪಟ್ಟಿಯ ಕೊನೆಯಲ್ಲಿದ್ದವರು ಮೊದಲು ಮನೆಗೆ ಹೋಗುತ್ತಾರೆ. ಇಷ್ಟು ಹೇಳಿ ಅವರು ಎದ್ದು ಹೊರಟರು. ಬಾಗಿಲ ಹತ್ತಿರ ನಿಂತು ಬಾಟಲಿಯ ನೀರು ಕುಡಿದು, ಕಾಲೆಳೆಯುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದರು.

ಮುಂದಿನ ಎಂಟು ತಿಂಗಳು ಹೇಗೆ ಹೋದವು ಎಂದು ಕೇಳಬೇಡಿ. ಬೀದರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡಲು ಕುಳಿತೆ. ಬೇರೆಯವರ ಅರ್ಜಿಯ ನಡುವೆ ನನ್ನದೂ ಒಂದು. ಆವಕ ಪುಸ್ತಕದ ಪುಟಗಳು ಬಂದವು. ಪ್ರತಿ ಬ್ರೇಕಿನ ದಿನವೂ ನನ್ನ ವಕ್ರ ಅಕ್ಷರ, ಮೇಲೆ ತಾರೀಖು. ಅದನ್ನು ನೋಡಿ ಅಂಗಡಿಯಲ್ಲಿ ಕುಳಿತೇ ಅತ್ತೆ. ಮನವಿ ಮೇಲಿನ ಕಚೇರಿಗೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಒಂದೊಂದು ಸಲ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು.

ಇದರ ನಡುವೆ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ಹೋಗಿದ್ದೆ. ಶಾಲು ಹೊದಿಸಿದರು, ಫೋಟೊ ತೆಗೆದರು, ನಿಷ್ಠಾವಂತ ನೌಕರರು ಎಂದು ಸಾಹೇಬರು ಎರಡು ಮಾತು ಆಡಿದರು. ಅವರು ಕಾಗದ ಕೊಟ್ಟವರಲ್ಲಿ ಬಂದವಳು ನಾನೊಬ್ಬಳೇ. ಉಳಿದವರದು ತಪ್ಪೆಂದು ಹೇಳಲಾರೆ. ನಾಲ್ಕು ಮಾತು ಆಡಿ ಎಂದಾಗ ಅವರು ಎದ್ದು ನಿಂತು, "ಭಾಳ ದಣದೇನ್ರಿ" ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ನನ್ನನ್ನು ಮರಳಿ ತೆಗೆದುಕೊಂಡ ಆದೇಶ ಬಂದದ್ದು ಒಂದು ಶುಕ್ರವಾರ. ಎರಡು ಪುಟ. ಕೊನೆಯ ಸಾಲು ಮಾತ್ರ ನೋಡಿದೆ, ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಅಷ್ಟು ಸಾಕಾಯಿತು. ಪೇಢೆ ಕಟ್ಟಿಸಿಕೊಂಡು ನೇರ ಮೈಲೂರಿಗೆ ಹೋದೆ. ಇಂಥದನ್ನು ಓದುವುದಕ್ಕೆ ಅವರಿದ್ದಾರಲ್ಲ ಎಂಬ ಧೈರ್ಯ.

ಅವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನಿವೃತ್ತಿಯಾಗಿ ನಾಲ್ಕೇ ತಿಂಗಳಲ್ಲಿ ಇನ್ನೂ ಇಳಿದುಹೋಗಿದ್ದರು. ನಾನು ದಾರಿಯಿಂದಲೇ ಕೂಗುತ್ತ ಹೋದೆ. "ಆಯ್ತ್ರಿ ಸರ್, ಆಯ್ತು! ತಗೊಂಡ್ರು!" ನಾನು ನಗುತ್ತಿದ್ದೆ, ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುವಷ್ಟು ನಗುತ್ತಿದ್ದೆ. ಕಾಗದ ಅವರ ಕೈಗೆ ಕೊಟ್ಟು ಒಳಗಿದ್ದ ಅವರ ಹೆಂಡತಿಗೆ ಪೇಢೆ ಕೊಡಲು ಓಡಿದೆ. ಆಕೆಯನ್ನು ನಾನು ಖಾಲಾ ಎನ್ನುತ್ತಿದ್ದೆ. ತಿರುಗಿ ಬರುವಾಗ ಅವರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಎರಡನೆಯ ಪುಟದಲ್ಲಿ ಒಂದು ಸಾಲಿನ ಮೇಲೆ ಬೆರಳು ನಿಂತಿತ್ತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು.

"ಎಲ್ಲ ಸರಿ ಅದಲ್ರಿ ಸರ್?"

ಕಾಗದವನ್ನು ಅದರ ಮಡಿಕೆಯಲ್ಲೇ ಮಡಚಿ ಕೊಟ್ಟರು. "ಛಲೋ ಆಯ್ತು ಬೇಟಾ. ಖಾಲಾ ಖಿಚಡಿ ಮಾಡ್ಯಾಳ. ಉಂಡು ಹೋಗು."

ಉಂಡೆ. ಖಿಚಡಿಯ ಜೊತೆ ಹುಣಸೆಹುಳಿಯ ಖಟ್ಟಾ. ಎಂಟು ತಿಂಗಳಲ್ಲಿ ನಾನು ಹಸಿದು ಉಂಡದ್ದು ಅದೇ ಮೊದಲು. ಮಾತಾಡಿದ್ದೆಲ್ಲ ನಾನೇ. ಅವರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳುತ್ತಿದ್ದರು.

ಭಾನುವಾರ ಅವರಿಗೆ ಲಕ್ವಾ ಹೊಡೆಯಿತು. ನನಗೆ ಗೊತ್ತಾಗಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಒಂದು ವಾರವಾಗಿತ್ತು. ಬಲಭಾಗ ಬಿದ್ದುಹೋಗಿತ್ತು, ಮಾತಿಲ್ಲ. ನನ್ನನ್ನು ಕಂಡದ್ದೇ ಎಡಗೈ ಮೇಲೆತ್ತಿ ಬೆರಳುಗಳನ್ನು ಕೂಡಿಸಿ ಗಾಳಿಯಲ್ಲಿ ಬರೆಯುವಂತೆ ಆಡಿಸಿದರು. ಮತ್ತೆ ಮತ್ತೆ ಆಡಿಸಿದರು. ಈ ಸ್ಥಿತಿಯಲ್ಲೂ ಗುಮಾಸ್ತಿಕೆ ಬಿಡಲಿಲ್ಲವಲ್ಲ ಎಂದು ನನಗೆ ನಗುವೂ ಬಂತು, ಅಳುವೂ ಬಂತು. ಅವರ ಕೈ ಹಿಡಿದು ಕೆಳಗಿಳಿಸಿ, "ಹಾಕೇನ್ರಿ ಸರ್, ಕೆಲಸಕ್ಕ ಹಾಜರಾದ ದಿನಾ ತಾರೀಖು ಹಾಕೇ ಸಹಿ ಮಾಡೇನ್ರಿ. ಫಿಕರ್ ಮಾಡಬ್ಯಾಡ್ರಿ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಮುಂದೆ ಮೂರು ದಿನಕ್ಕೆ ತೀರಿಕೊಂಡರು. ನಾನು ಅಪ್ಪನನ್ನು ಕಳೆದುಕೊಂಡಾಗ ಅತ್ತಷ್ಟೇ ಅತ್ತೆ.

ಹೊಸ ಜ್ಯೇಷ್ಠತಾ ಪಟ್ಟಿ ಬಂದದ್ದು ಹೋದ ತಿಂಗಳು. ಭಾಲ್ಕಿ ಕಚೇರಿಯ ಗೋಡೆಗೆ ಅಂಟಿಸಿದ್ದರು. ಮತ್ತೆ ಕೆಲವರನ್ನು ತೆಗೆಯುವುದಿದೆ ಎಂಬ ಸುದ್ದಿ ಇದ್ದುದರಿಂದ ಎಲ್ಲರೂ ಮುಗಿಬಿದ್ದು ನೋಡುತ್ತಿದ್ದರು. ನಾನು ನನ್ನ ಹೆಸರನ್ನು ಮೇಲಿನಿಂದ ಹುಡು‌ಕುತ್ತ ಬಂದೆ. ಕಳೆದ ವರ್ಷ ಸೇರಿದವರ ಹೆಸರೂ ದಾಟಿತು. ನನ್ನದು ಎಲ್ಲಕ್ಕಿಂತ ಕೆಳಗಿತ್ತು.

ಮರುದಿನ ಬೀದರಿಗೆ ಹೋಗಿ, ಅವರ ಜಾಗದಲ್ಲಿ ಈಗ ಕುಳಿತಿರುವ ಗುಮಾಸ್ತನನ್ನು ಕೇಳಿದೆ. ನನಗಿಂತ ಚಿಕ್ಕವ, ಕೆಟ್ಟವನೇನಲ್ಲ. ಕಡತ ತೆಗೆದು ನನ್ನ ಆದೇಶದ ಎರಡನೆಯ ಪುಟ ತೋರಿಸಿದ. ಇದನ್ನು ಹೊಸ ನೇಮಕಾತಿ ಎಂದು ಪರಿಗಣಿಸತಕ್ಕದ್ದು, ಹಿಂದಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ, ತಕರಾರು ಇದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು. ನನ್ನ ಎಂಟು ವರ್ಷ ಒಂದೇ ಸಾಲಿನಲ್ಲಿ ಹೋಗಿತ್ತು. ಮೂವತ್ತು ದಿನವೂ ಎಂದೋ ಹೋಗಿತ್ತು.

"ಈಗೇನ್ ಮಾಡೂದಪ್ಪಾ?"

"ತಡ ಆಗಿದ್ದು ಮನ್ನಾ ಮಾಡ್ರಿ ಅಂತ ಅರ್ಜಿ ಕೊಡ್ಲಾಕ ಬರ್ತದ ಅಕ್ಕೋರೆ. ಆದ್ರ ಗಟ್ಟಿ ಕಾರಣ ಬೇಕು." ದನಿ ತಗ್ಗಿಸಿದ. "ಆದೇಶ ಯಾರಿಗರೆ ತೋರ್ಸಿದ್ರೇನ್ರಿ?"

ತೋರಿಸಿದ್ದೆ ಎಂದೆ. ಯಾರಿಗೆ ಎಂದೂ ಹೇಳಿದೆ.

"ಮತ್ತ ಕೆಲಸ ಆಯ್ತಲ್ರಿ! ಸಿಬ್ಬಂದಿ ಶಾಖಿ ನಿವೃತ್ತ ಗುಮಾಸ್ತರು ಓದಿ ಎಲ್ಲ ಸರಿ ಅದ ಅಂತ ತಪ್ಪು ತಿಳಿಸಿದ್ರು, ಅದಕ್ಕ ತಕರಾರು ಹಾಕ್ಲಿಲ್ಲ ಅಂತ ಬರೀರಿ. ಇದು ನಿಲ್ತದ. ತೀರಿಹೋದವ್ರಿಗಿ ಯಾರೂ ನೋಟಿಸ್ ಕೊಡಂಗಿಲ್ಲ, ಯಾರಿಗೂ ತ್ರಾಸಿಲ್ಲ."

ಸುಳ್ಳೇನೂ ಅಲ್ಲ, ಅದೇ ಕಷ್ಟ. ಅಲ್ಲಿಂದ ಮೈಲೂರಿಗೆ ಹೋಗುವಾಗ ನನಗೆ ಅವರ ಮೇಲೆ ಸಿಟ್ಟು ಉಕ್ಕುತ್ತಿತ್ತು. ಊರಿಗೆಲ್ಲ ಓದಿ ಹೇಳಿದ ಮನುಷ್ಯ ನನ್ನ ಕಾಗದಕ್ಕೆ ಯಾಕೆ ಬಾಯಿ ಮುಚ್ಚಿಕೊಂಡರು? ಖಾಲಾ ಬಾಗಿಲು ತೆಗೆದದ್ದೇ ಕೇಳಿದೆ. ಅವತ್ತು ನಾನು ಹೋದ ಮೇಲೆ ಅವರು ಏನಾದರೂ ಅಂದರೇ?

"ಸುಮ್ನ ಕುಂತಿದ್ರವ್ವ. ಕ್ಯಾ ಹುವಾ ಜೀ, ಅಂತ ಕೇಳಿದೆ. ಕಾಗದದಾಗ ಒಂದು ಸಾಲು ಖರಾಬ್ ಅದ, ಆಕಿಗಿ ಹೇಳ್ಬೇಕಿತ್ತು ಅಂದ್ರು. ಹೇಳ್ಲಿಲ್ಲ ಯಾಕ ಅಂದೆ. ಇಷ್ಟ್ ವರ್ಷ ನನ್ ಕೈಯಾನ ಕಾಗದ ನೋಡಿ ಮಂದಿ ಅತ್ತದ್ದೇ ನೋಡೇನಿ, ಈಕಿ ನಗ್ತಿದ್ದಳು, ಒಂದಿನ ನಗ್ಲಿ, ಸೋಮವಾರ ಕರಸಿ ಅರ್ಜಿ ನಾನೇ ಬರದು ಕೊಡ್ತೇನಿ ಅಂದ್ರು. ಐತ್ವಾರ ಮುಂಜಾನಿ ಬಿದ್ರು. ಕಚೇರಿ ಮಾತು ನನಗ ಏನ್ ತಿಳೀತದ? ನಿನಗ ಹೇಳ್ಬೇಕಂತ ಹೊಳೀಲಿಲ್ಲ."

ಆಸ್ಪತ್ರೆಯಲ್ಲಿ ಆ ಕೈ ಏನು ಬರೆಯುತ್ತಿತ್ತು ಎಂದು ಆಗ ತಿಳಿಯಿತು. ಮೂವತ್ತರಲ್ಲಿ ಆಗ ಇನ್ನೂ ಇಪ್ಪತ್ತು ದಿನ ಉಳಿದಿದ್ದವು. ನಾನೇ ಆ ಕೈ ಹಿಡಿದು ಕೆಳಗಿಳಿಸಿದ್ದೆ.

ಅರ್ಜಿಯನ್ನು ಮೊನ್ನೆ ಬರೆದೆ. ವಿಳಂಬಕ್ಕೆ ಕಾರಣ ಎಂಬ ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ತುಂಬಿದೆ. ಆ ಗುಮಾಸ್ತ ಹೇಳಿಕೊಟ್ಟ ವಾಕ್ಯ ಬಾಯಿಪಾಠವಾಗಿತ್ತು. ಮಗಳ ಓದು ನೆನಪಾಯಿತು, ಎಂಟು ತಿಂಗಳು ಕುಳಿತ ಝೆರಾಕ್ಸ್ ಅಂಗಡಿ ನೆನಪಾಯಿತು. ಆಮೇಲೆ, "ಆದೇಶವನ್ನು ನಾನು ಪೂರ್ತಿ ಓದಿರಲಿಲ್ಲ" ಎಂದು ಬರೆದೆ.

ಗುಮಾಸ್ತ ಅದನ್ನು ಓದಿ ತಲೆ ಅಲ್ಲಾಡಿಸಿದ. "ಇದು ನಿಲ್ಲಂಗಿಲ್ಲ ಅಕ್ಕೋರೆ. ಅವರ ಹೆಸರು ಹಾಕ್ರಿ."

ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿದೆ. ಹಾಗೇ ಕೊಟ್ಟು ಬಂದೆ.